ಟಪಾಲು ಗುಮಾಸ್ತರ ಮೂವತ್ತು ಮಾತ್ರೆ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನೀರು ಸರಬರಾಜು ಕಚೇರಿಯು ತನ್ನ ಟಪಾಲು ಗುಮಾಸ್ತರನ್ನು ಅಧಿಕೃತವಾಗಿ ಸ್ವೀಕರಿಸಿತು. ಪುರಾವೆ ಅವರ ಎಡಗೆನ್ನೆಯ ಮೇಲೇ ಇತ್ತು. ನೇರಳೆ ಮಸಿಯಲ್ಲಿ ‘ಸ್ವೀಕರಿಸಲಾಗಿದೆ’ ಎಂಬ ಪದವೂ ಅದರ ಕೆಳಗೆ ಆ ದಿನದ ತಾರೀಖೂ ಸ್ಪಷ್ಟವಾಗಿ ಮೂಡಿದ್ದವು.

ನಡೆದದ್ದಿಷ್ಟು. ಒಂದು ಅರ್ಜಿಗೆ ಒತ್ತಲೆಂದು ಸೀಲನ್ನು ಮಸಿಗೆ ಅದ್ದಿ ಎತ್ತಿದಾಗ ಗುಮಾಸ್ತರಿಗೆ ನಿದ್ದೆ ಬಂತು. ಸೀಲು ಹಿಡಿದಿದ್ದ ಕೈಗೇ ಕೆನ್ನೆ ಆನಿಸಿದರು. ಅದೇ ಹೊತ್ತಿಗೆ ಆಡಳಿತಾಧಿಕಾರಿ ಮೇಡಂ ಇಬ್ಬರು ಅತಿಥಿಗಳನ್ನು ಬೀಳ್ಕೊಡಲು ಮೂರನೇ ಮಹಡಿಯಿಂದ ಕೆಳಗಿಳಿದು ಬಂದರು. ಗುಮಾಸ್ತರು ಗಡಬಡಿಸಿ ಎದ್ದು ನಿಂತು ನಮಸ್ಕಾರ ಮಾಡಿದರು. ಅತಿಥಿಗಳು ಅವರ ಕೆನ್ನೆಯನ್ನು ಎರಡು ಸಲ ಓದಿದರು.

ಮೇಡಂ ಅತಿಥಿಗಳನ್ನು ಕಳಿಸಿ ಬಂದು, “ಇದನ್ನ ಯಾವ ಫೈಲಿಗೆ ಸೇರಿಸೋದು?” ಎಂದು ಕೇಳಿದರು.

“ಯಾವುದನ್ನ ಮೇಡಂ?”

“ನಿಮ್ಮನ್ನ.”

ಸಂಜೆಯೊಳಗೆ ಮೆಮೊ ಬಂತು. ಕರ್ತವ್ಯದ ವೇಳೆ ನಿದ್ರಿಸಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕು. ತೃಪ್ತಿಕರವಾಗಿಲ್ಲದಿದ್ದರೆ ಹಳೇ ಪಂಪ್‌ಹೌಸಿಗೆ ವರ್ಗ. ಹಳೇ ಪಂಪ್‌ಹೌಸ್ ಮೂವತ್ತೆಂಟು ಕಿಲೋಮೀಟರ್ ದೂರ. ಅಲ್ಲಿಗೆ ಹೋಗುವುದು ಒಂದೇ ಬಸ್ಸು, ಬೆಳಗಿನ ಐದೂ ನಲವತ್ತಕ್ಕೆ. ಏಳೂವರೆಗೆ ಮೊದಲು ಲೋಕವನ್ನೇ ಕಂಡರಿಯದ ಗುಮಾಸ್ತರಿಗೆ ಇದು ಜೀವಾವಧಿ ಶಿಕ್ಷೆಯಂತೆ ಕಂಡದ್ದು ಸಹಜ.

ಅವರ ಸುಸ್ತಿಗೆ ಆಗ ಎರಡು ವರ್ಷ ವಯಸ್ಸು. ಹೆಂಡತಿ ಅವರನ್ನು ಡಾಕ್ಟರ ಬಳಿ ಕರೆದೊಯ್ದು ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದರು. ಡಾಕ್ಟರು ವರದಿಯನ್ನು ಮೇಲಿಂದ ಕೆಳಗಿನವರೆಗೆ ಓದಿ, “ನಿಮಗೇನೂ ಕಮ್ಮಿ ಇಲ್ಲ” ಎಂದಿದ್ದರು.

ಗುಮಾಸ್ತರಿಗೆ ಇದು ಅವಮಾನವೆನಿಸಿತು. “ಸರಿಯಾಗಿ ನೋಡಿದ್ರಾ ಡಾಕ್ಟ್ರೇ? ವಿಟಮಿನ್ ಡಿ?”

“ಇದೆ.”

“ಬಿ ಹನ್ನೆರಡು?”

“ಬೇಕಾದಷ್ಟಿದೆ.”

“ಕಬ್ಬಿಣ?”

“ಅದೂ ಇದೆ.”

“ಏನೂ ಕಮ್ಮಿ ಇಲ್ಲದೆ ಇಷ್ಟು ಸುಸ್ತು ಹೇಗಾಗತ್ತೆ?”

“ನಡಿಗೆ ಕಮ್ಮಿ. ದಿನಾ ಒಂದರ್ಧ ಗಂಟೆ ಕೈಕಾಲು ಆಡಿಸಿ. ಮಾತ್ರೆ ಬೇಡ.”

ಗುಮಾಸ್ತರ ನೋವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರ ಸುತ್ತಲಿನವರನ್ನು ನೋಡಬೇಕು. ಎರಡನೇ ಮಹಡಿಯ ಸೂಪರಿಂಟೆಂಡೆಂಟರಿಗೆ ಬಿ ಹನ್ನೆರಡು ಕಮ್ಮಿ. ಅದನ್ನು ಅವರು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಯ ದರ್ಜಿಗೆ ಡಿ ಕಮ್ಮಿ; ಅದರ ಹೆಸರಿನಲ್ಲಿ ಆತ ಬೆಳಗ್ಗೆ ಒಂದು ಗಂಟೆ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಯಾರೂ ಕೆಲಸ ಹೇಳುವಂತಿರಲಿಲ್ಲ. ನಾಲ್ಕು ಜನ ಸೇರಿದಲ್ಲಿ ಪ್ರತಿಯೊಬ್ಬರೂ ತಮ್ಮ ಕೊರತೆಯನ್ನು ಹೊರತೆಗೆದು ತೋರಿಸುವಾಗ ಟಪಾಲು ಗುಮಾಸ್ತರೊಬ್ಬರೇ ಬರಿಗೈಲಿ ನಿಲ್ಲಬೇಕಾಗಿತ್ತು.

ಅಂಗಡಿಯಿಂದ ಮಾತ್ರೆ ತರುವ ಹಾಗಿರಲಿಲ್ಲ. ಔಷಧಿ ಅಂಗಡಿ ಹೆಂಡತಿಯ ಅಣ್ಣನದು. “ಅಣ್ಣಾ, ಇವರು ಬಂದು ಏನಾದ್ರೂ ಕೇಳಿದ್ರೆ ಬಾಗಿಲು ತೋರಿಸು” ಎಂದು ತಂಗಿಯ ಅಪ್ಪಣೆಯಾಗಿತ್ತು. ಹಾಗಾಗಿ ಗುಮಾಸ್ತರು ಒಂದು ಸೀಸೆ ವಿಟಮಿನ್ ಮಾತ್ರೆಯನ್ನು ಪಾರ್ಸೆಲ್ ಮೂಲಕ ತರಿಸಿಕೊಂಡರು. ಮನೆಗೆ ಬಂದರೆ ಸಿಕ್ಕಿಬೀಳುತ್ತಾರೆಂದು ಕಚೇರಿಯ ವಿಳಾಸ ಕೊಟ್ಟರು. ಆ ವಿಳಾಸ ಬರೆಯುವಾಗ ಒಂದು ಸಣ್ಣ ಆಸೆಗೆ ಬಲಿಯಾದರು. ತಮ್ಮ ಹೆಸರು ಬರೆಯುವ ಜಾಗದಲ್ಲಿ ‘ಮುಖ್ಯ ಟಪಾಲು ಅಧಿಕಾರಿ’ ಎಂದು ಬರೆದರು. ಅಂಥ ಹುದ್ದೆ ಆ ಕಚೇರಿಯಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ.

ಪಾರ್ಸೆಲ್ ಬಂದದ್ದು ಮೆಮೊ ಬಂದ ನಂತರದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಗುಮಾಸ್ತರ ಮುಖ ಅರಳಿತು. ಅದನ್ನು ಒಡೆಯುವ ಮೊದಲೇ ಸಮಜಾಯಿಷಿ ಬರೆದರು: ‘ವಿಟಮಿನ್ ಕೊರತೆಯಿಂದ ನಿದ್ರೆ ಆವರಿಸಿರುತ್ತದೆ. ಇಂದಿನಿಂದ ದಿನಕ್ಕೆ ಒಂದರಂತೆ ಮೂವತ್ತು ದಿನ ಮಾತ್ರೆ ಸೇವಿಸುತ್ತೇನೆ.’ ಹತ್ತೊಂಬತ್ತು ವರ್ಷ ಟಪಾಲು ನೋಡಿದ ಅಭ್ಯಾಸಬಲದಿಂದ, ಪಾರ್ಸೆಲ್ಲಿನ ಹೊರಗೆ ಅಂಟಿಸಿದ್ದ ಚೀಟಿ ನೋಡಿ ಸೀಸೆಯ ಬ್ಯಾಚ್ ಸಂಖ್ಯೆಯನ್ನೂ ಉಲ್ಲೇಖಿಸಿದರು.

ಮೇಡಂ ಓದಿ, “ಸರಿ. ಮೂವತ್ತನೇ ದಿನ, ಮಂಗಳವಾರ, ಖಾಲಿ ಸೀಸೆ ತಂದು ತೋರಿಸಿ. ಅಷ್ಟರೊಳಗೆ ಒಂದು ಸಲ ತೂಕಡಿಸಿದ್ರೂ ಪಂಪ್‌ಹೌಸ್. ಸೀಸೆ ತರದಿದ್ರೂ ಪಂಪ್‌ಹೌಸ್” ಎಂದರು.

ಗುಮಾಸ್ತರು ಕುಣಿಯುತ್ತ ಕೆಳಗೆ ಬಂದರು. ಅವರ ಮೇಜಿನ ಬಳಿ ಸೂಪರಿಂಟೆಂಡೆಂಟರು ಪಾರ್ಸೆಲ್ ಹಿಡಿದು ನಿಂತಿದ್ದರು.

“ಮುಖ್ಯ ಟಪಾಲು ಅಧಿಕಾರಿ ಅಂದ್ರೆ ಯಾರ್ರೀ?”

“ನಾನೇ ಸಾರ್.”

“ಹೆಸರಿಲ್ಲವಲ್ಲ.”

“ನನ್ನದೇ ಸಾರ್. ಸ್ವಂತದ್ದು.”

“ಹೆಸರಿಗೆ ಬಂದದ್ದು ಸ್ವಂತದ್ದು, ಹುದ್ದೆಗೆ ಬಂದದ್ದು ಕಚೇರಿದು. ಈ ಮಾತು ನನಗೆ ಯಾರು ಹೇಳಿದ್ದು?”

ಹೇಳಿದ್ದು ಗುಮಾಸ್ತರೇ. ನಾಲ್ಕು ವರ್ಷದ ಹಿಂದೆ ಸೂಪರಿಂಟೆಂಡೆಂಟರು ತಮ್ಮ ಹುದ್ದೆಯ ಹೆಸರಿಗೆ ಒಂದು ಜೊತೆ ಎಂಟನೇ ನಂಬರಿನ ಬೂಟು ತರಿಸಿದ್ದರು. ಗುಮಾಸ್ತರು ನಿಯಮಾವಳಿ ತೆರೆದು ತೋರಿಸಿ ಅದನ್ನು ಕಚೇರಿಯ ಸ್ಟೋರಿಗೆ ಸೇರಿಸಿಬಿಟ್ಟಿದ್ದರು. ಆ ಬೂಟುಗಳು ಇಂದಿಗೂ ನೆಲಮಾಳಿಗೆಯಲ್ಲಿ ಕವಾಟದ ಬಿಡಿಭಾಗಗಳ ಪಕ್ಕದಲ್ಲಿವೆ. ಇಂಥ ಗಾಯ ಇರುವ ಮನುಷ್ಯ ನಾಲ್ಕು ವರ್ಷ ಕಾದು ಒಂದು ಪಾರ್ಸೆಲ್ಲನ್ನು ಕೈಗೆ ತೆಗೆದುಕೊಂಡರೆ ಅದನ್ನು ಬಿಡಿಸಿಕೊಳ್ಳುವುದು ಯಾರಿಂದಲೂ ಆಗದು.

ನೆಲಮಾಳಿಗೆಯ ಸ್ಟೋರ್ ಕೀಪರ್ ಪಾರ್ಸೆಲ್ ಬಿಚ್ಚಿ ಸೀಸೆಯನ್ನು ದೀಪಕ್ಕೆ ಹಿಡಿದರು. ಅರಿಶಿನ ಬಣ್ಣದ ಮೂವತ್ತು ಮಾತ್ರೆ.

“ಏನಿದು ಸ್ವಾಮಿ?”

“ವಿಟಮಿನ್ ಮಾತ್ರೆ.”

“ವಿಟಮಿನ್ ಅನ್ನೋ ಪುಟ ನನ್ನ ದಾಸ್ತಾನು ಪುಸ್ತಕದಲ್ಲಿಲ್ಲ. ಮಾತ್ರೆ ಅನ್ನೋ ಪುಟ ಇದೆ.” ಅವರು ನಲವತ್ತೊಂದನೇ ಪುಟ ತೆರೆದರು. ಅದು ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವ ಕ್ಲೋರಿನ್ ಮಾತ್ರೆಯ ಪುಟ. ಅದರಲ್ಲಿ ‘ಮಾತ್ರೆ, ಸೀಸೆ ಒಂದು’ ಎಂದು ಬರೆದು, ಸೀಸೆಯ ಕಂಪನಿ ಚೀಟಿಯ ಮೇಲೆ ಕಚೇರಿಯ ಚೀಟಿ ಅಂಟಿಸಿ, ಕ್ಲೋರಿನ್ ಸೀಸೆಗಳ ಸಾಲಿನಲ್ಲಿ ಮುಂದಕ್ಕೇ ಇಟ್ಟರು.

“ದಿನಕ್ಕೊಂದು ಬೇಕು ನನಗೆ” ಎಂದರು ಗುಮಾಸ್ತರು, ಧ್ವನಿ ಸಣ್ಣದು ಮಾಡಿ.

“ಧಾರಾಳವಾಗಿ ತಗೊಳ್ಳಿ. ಸಾಮಾನು ಬೇಡಿಕೆಯ ಇಂಡೆಂಟ್ ತುಂಬಿ, ಎರಡನೇ ಮಹಡಿಲಿ ಸೂಪರಿಂಟೆಂಡೆಂಟರ ಸಹಿ ಹಾಕಿಸಿ. ಮಾತ್ರೆ ಆದ್ದರಿಂದ ನಾಲ್ಕನೇ ಮಹಡಿಲಿ ಕೆಮಿಸ್ಟ್ ಸಹಿ. ಆಮೇಲೆ ಇಲ್ಲಿ. ಕೊಡೋ ಸಮಯ ಹನ್ನೆರಡರಿಂದ ಹನ್ನೆರಡೂವರೆ. ಇಂಡೆಂಟ್ ಆ ದಿನಕ್ಕೆ ಮಾತ್ರ.”

ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಒಂದೊಂದು ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು, ನೆಲಮಾಳಿಗೆಗೆ ಹದಿನಾಲ್ಕು.

ಮಂಗಳವಾರ ಮೊದಲ ಇಂಡೆಂಟ್ ಹೊರಟಿತು. ಗುಮಾಸ್ತರು ನಡುವೆ ಎರಡು ಕಡೆ ಮೆಟ್ಟಿಲ ಕಟಕಟೆ ಹಿಡಿದು ನಿಂತು, ನಾಲ್ಕನೇ ಮಹಡಿ ತಲುಪಿದಾಗ ಕೆಮಿಸ್ಟ್ ಇರಲಿಲ್ಲ. ಬೆಳಿಗ್ಗೆ ನೀರಿನ ಮಾದರಿ ತರಲು ಹೋದರೆ ಅವರು ಬರುವುದು ಹನ್ನೆರಡಕ್ಕೇ. ಗುಮಾಸ್ತರು ಇಳಿದು ಬಂದು, ಹನ್ನೆರಡಕ್ಕೆ ಮತ್ತೆ ಹತ್ತಿದರು.

ಕೆಮಿಸ್ಟ್ ಕನ್ನಡಕ ಏರಿಸಿ ಇಂಡೆಂಟ್ ಓದಿದರು. “ಯಾವ ಟ್ಯಾಂಕಿಗೆ?”

“ನನಗೆ.”

“ಟ್ಯಾಂಕಿನ ಕಾಲಂ ಖಾಲಿ ಬಿಟ್ಟಿದೀರಿ. ಖಾಲಿ ಬಿಟ್ಟ ಕಾಲಂ ಮೇಲೆ ನಾನು ಸಹಿ ಹಾಕಲ್ಲ.”

“ಏನಂತ ಬರೀಲಿ?”

“ನಿಜ ಬರೀರಿ. ಸಾಮರ್ಥ್ಯ ಎಷ್ಟು, ಯಾವಾಗ ಕೊನೇ ಸಲ ತೊಳೆದದ್ದು, ಸೋರಿಕೆ ಇದೆಯಾ.”

ಗುಮಾಸ್ತರು ನಿಜವನ್ನೇ ಬರೆದರು. ಸಾಮರ್ಥ್ಯ: ಎಪ್ಪತ್ತೆಂಟು ಕಿಲೋ. ತೊಳೆದದ್ದು: ಇಂದು ಬೆಳಿಗ್ಗೆ ಎಂಟಕ್ಕೆ. ಸೋರಿಕೆ: ಇಲ್ಲ. ಕೆಮಿಸ್ಟ್ ಓದಿ, “ಕಿಲೋ ನಡೆಯಲ್ಲ, ಲೀಟರಲ್ಲಿ ಕೊಡಿ” ಎಂದು ವಾಪಸ್ ಕೊಟ್ಟರು. ಅದನ್ನು ತಿದ್ದಿ, ಸಹಿ ಹಾಕಿಸಿಕೊಂಡು ನೆಲಮಾಳಿಗೆ ಮುಟ್ಟಿದಾಗ ಹನ್ನೆರಡು ಮೂವತ್ತೊಂದು. ಸ್ಟೋರಿನ ಷಟರ್ ಇಳಿದಿತ್ತು.

ಇದು ಮೊದಲ ದಿನದ ವರದಿ. ಉಳಿದ ದಿನಗಳದ್ದು ಇದಕ್ಕಿಂತ ಹೆಚ್ಚು ಭಿನ್ನವಲ್ಲ. ಎರಡನೇ ವಾರ ಒಮ್ಮೆ ಹನ್ನೆರಡು ಇಪ್ಪತ್ತಾರಕ್ಕೇ ತಲುಪಿಬಿಟ್ಟರು. ಸ್ಟೋರ್ ಕೀಪರ್ ಇಂಡೆಂಟನ್ನು ತಿರುಗಿಸಿ ನೋಡಿ, “ಒಂದು ಮಾತ್ರೆ ಅಂತ ಬರೆದಿದೀರಿ. ನನ್ನ ಪುಸ್ತಕದಲ್ಲಿ ಲೆಕ್ಕ ಸೀಸೆಯಲ್ಲಿ. ಸೀಸೆ ಒಡೆದು ಕೊಡೋ ಹಾಗಿಲ್ಲ” ಎಂದರು. ಮರುದಿನ ಇಡೀ ಸೀಸೆಗೆ ಇಂಡೆಂಟ್ ಹಾಕಿದರೆ ಕೆಮಿಸ್ಟ್, “ಇಡೀ ಸೀಸೆಗೆ ಕನಿಷ್ಠ ಐನೂರು ಲೀಟರಿನ ಟ್ಯಾಂಕ್ ಬೇಕು. ನೀವು ಎಪ್ಪತ್ತೆಂಟು” ಎಂದರು. ಹೀಗೆ ನಾಲ್ಕನೇ ವಾರದ ಶನಿವಾರದ ಹೊತ್ತಿಗೆ ಇಪ್ಪತ್ತಮೂರು ಇಂಡೆಂಟ್ ಹೊರಟು ಇಪ್ಪತ್ತಮೂರೂ ತಿರಸ್ಕೃತವಾದವು. ಗುಮಾಸ್ತರ ಹೊಟ್ಟೆಗೆ ಹೋದ ಮಾತ್ರೆಗಳ ಒಟ್ಟು ಸಂಖ್ಯೆ ಸೊನ್ನೆ.

ಈ ನಡುವೆ ಯಾರೂ ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಗುಮಾಸ್ತರು ನಿದ್ದೆ ಮಾಡುವುದನ್ನು ನಿಲ್ಲಿಸಿದರು. ಎರಡನೇ ವಾರದಲ್ಲಿ ಕಟಕಟೆ ಹಿಡಿಯುವುದು ನಿಂತಿತು. ಮೂರನೇ ವಾರದಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮೇಜಿನ ಮೇಲೆ ಟಪಾಲು ಉಳಿಯುತ್ತಿರಲಿಲ್ಲ. ನಾಲ್ಕು ಗಂಟೆಗೆಲ್ಲ ಸೀಲು ಹಾಕಲು ಏನೂ ಸಿಗದೆ ಕೈ ಉಜ್ಜಿಕೊಳ್ಳುತ್ತ ಕೂರುತ್ತಿದ್ದರು.

ಮನೆಯಲ್ಲಿ ಒಂದೂವರೆ ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ಸರಿಹೋಯಿತು. ಅಟ್ಟದ ಮೇಲಿನ ಪೆಟ್ಟಿಗೆಗಳು ಇಳಿದವು, ಧೂಳು ಒರೆಸಿಕೊಂಡು ಮತ್ತೆ ಏರಿದವು. ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಕಪಾಟನ್ನು ಒಬ್ಬರೇ ತಳ್ಳುತ್ತಿದ್ದ ಗಂಡನನ್ನು ಕಂಡು ಹೆಂಡತಿ ಬಾಗಿಲಲ್ಲೇ ನಿಂತರು.

“ರೀ, ನಿಜ ಹೇಳಿ. ಏನು ತಗೊಳ್ತಿದೀರಿ?”

“ಏನೂ ಇಲ್ಲ ಕಣೇ.”

“ಏನೂ ತಗೊಳ್ದೆ ಯಾರಾದ್ರೂ ಹೀಗಾಗ್ತಾರಾ? ಒಂದು ತಿಂಗಳ ಹಿಂದೆ ಚಪ್ಪಲಿ ಬಿಚ್ಚೋಕೂ ಕೂತ್ಕೋತಿದ್ರಿ.”

“ನನ್ನಾಣೆ, ಒಂದು ಮಾತ್ರೆನೂ ನುಂಗಿಲ್ಲ.”

“ಮಾತ್ರೆ ಅಂತ ನಾನು ಹೇಳ್ಲೇ ಇಲ್ಲವಲ್ಲ.”

ಮದುವೆಯಾದಂದಿನಿಂದ ಗುಮಾಸ್ತರು ಹೆಂಡತಿಗೆ ಹೇಳಿದ ಮಾತುಗಳಲ್ಲಿ ಇಷ್ಟು ಶುದ್ಧವಾದ ಸತ್ಯ ಇನ್ನೊಂದಿಲ್ಲ. ಅದನ್ನು ಹೆಂಡತಿ ನಂಬಲಿಲ್ಲ.

ಪಕ್ಕದ ಮನೆಯ ದರ್ಜಿಗೆ ಮಾತ್ರ ಗುಮಾಸ್ತರು ಬೇರೆಯದೇ ಕಥೆ ಹೇಳಿದರು. ಬಿಸಿಲಲ್ಲಿ ಕೂತಿದ್ದ ದರ್ಜಿ, “ಏನ್ ಸಾರ್, ಹದಿನಾರರ ಹುಡುಗನ ಹಾಗೆ ಓಡಾಡ್ತಿದೀರಿ” ಎಂದದ್ದೇ ತಡ, “ವಿಟಮಿನ್. ಯಾರಿಗೂ ಹೇಳ್ಬೇಡಿ” ಎಂದು ಮಾತ್ರೆಯ ಹೆಸರನ್ನು ಪಿಸುಗುಟ್ಟಿದರು. ಅವರು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮಾತ್ರೆ ತಮ್ಮದು, ಹುರುಪೂ ತಮ್ಮದು; ಎರಡಕ್ಕೂ ಏನೋ ಸಂಬಂಧ ಇರಲೇಬೇಕೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ‘ನುಂಗೋಕೆ ಮುಂಚೇನೇ ಇಷ್ಟು. ನುಂಗಿದ ಮೇಲೆ ಹೇಗಿರಬಹುದು’ ಎಂದು ಒಮ್ಮೆ ಕನ್ನಡಿಗೂ ಹೇಳಿದ್ದರು.

ದರ್ಜಿ ಯಾರಿಗೂ ಹೇಳಲಿಲ್ಲ, ಬಟ್ಟೆ ಕೊಡಲು ಬಂದವರಿಗೆ ಬಿಟ್ಟು. ಮೂರು ದಿನದಲ್ಲಿ ಒಂಬತ್ತು ಜನ ಔಷಧಿ ಅಂಗಡಿಗೆ ಹೋಗಿ ಅದೇ ಮಾತ್ರೆ ಕೇಳಿದರು. ಹೆಂಡತಿಯ ಅಣ್ಣ ಅಂಗಡಿಯನ್ನು ಅರ್ಧ ಮುಚ್ಚಿ ತಂಗಿಯ ಮನೆಗೆ ಬಂದರು.

“ಭಾವನೋರೇ, ನನ್ನ ಅಂಗಡಿಲಿ ಇಲ್ಲದ ಮಾತ್ರೆನ ಊರಿಗೆಲ್ಲ ಯಾಕೆ ಹೇಳ್ತೀರಿ?”

“ನೀವು ನನಗೆ ಕೊಡಲ್ಲ ಅಂದ್ರಲ್ಲ ಭಾವ.”

“ನಿಮಗೆ ಕೊಡಲ್ಲ ಅಂದೆ. ಊರಿಗೆ ಕೊಡಲ್ಲ ಅಂದ್ನಾ? ಎಲ್ಲಿ, ಸೀಸೆ ತೋರಿಸಿ, ನಾನೂ ತರಿಸ್ತೀನಿ.”

“ಸೀಸೆ ಕಚೇರಿಲಿದೆ.”

“ಕಚೇರಿಲಿ ಎಲ್ಲಿ?”

“ನೀರಿನ ಮಾತ್ರೆ ಜೊತೆ.”

ಅಣ್ಣ ತಂಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಣ್ಣಾ, ಮತ್ತೆ ರಕ್ತ ಪರೀಕ್ಷೆ ಮಾಡಿಸೋಣ್ವಾ?” ಎಂದರು ಹೆಂಡತಿ.

ಇಪ್ಪತ್ತೊಂಬತ್ತನೇ ದಿನ, ಸೋಮವಾರ, ಗುಮಾಸ್ತರು ಇಪ್ಪತ್ತನಾಲ್ಕನೇ ಇಂಡೆಂಟಿನೊಂದಿಗೆ ನೇರವಾಗಿ ನೆಲಮಾಳಿಗೆಗೆ ಇಳಿದರು. ನಾಳೆ ಖಾಲಿ ಸೀಸೆ ತೋರಿಸಬೇಕು. ಇಂದು ಕಾಲು ಹಿಡಿದಾದರೂ ಸೀಸೆ ಪಡೆಯಬೇಕೆಂದು ನಿಶ್ಚಯಿಸಿದ್ದರು. ಸಾಲಿನ ಮುಂದಿನ ಜಾಗ ಖಾಲಿಯಾಗಿತ್ತು.

“ಸೀಸೆ ಎಲ್ಲಿ?”

“ಬೆಳಿಗ್ಗೆ ಹೋಯ್ತಲ್ಲ” ಎಂದರು ಸ್ಟೋರ್ ಕೀಪರ್, ಬಹಳ ದಿನದಿಂದ ಕಾಡುತ್ತಿದ್ದ ಸಾಮಾನು ಸಾಗಹಾಕಿದ ನೆಮ್ಮದಿಯಿಂದ. “ನಿನ್ನೆ ನಮ್ಮ ಕಟ್ಟಡದ ಕುಡಿಯೋ ನೀರಿನ ಟ್ಯಾಂಕ್ ತೊಳೆದ್ರು. ಪಂಪ್ ಆಪರೇಟರ್ ಶನಿವಾರವೇ ಸಹಿಯಾದ ಇಂಡೆಂಟ್ ತಂದಿಟ್ಟಿದ್ದ. ಟ್ಯಾಂಕ್ ಸಂಖ್ಯೆ ಒಂದು, ಐನೂರು ಲೀಟರ್, ಸೀಸೆ ಒಂದು, ಬೇಕಾದ ತಾರೀಖು ಸೋಮವಾರ. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದ ಅಂದ್ರೆ, ನಿಮಗೆ ತೋರಿಸ್ಬೇಕು ಅಂತ ಎತ್ತಿಟ್ಟಿದೀನಿ.”

ಗುಮಾಸ್ತರು ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕೈ ಚಾಚಿದರು. ಆದರೆ ಆ ಕಟ್ಟಡದಲ್ಲಿ ನೀರು ಕುಡಿಯುವುದು ಈಗ ಅಷ್ಟು ಸರಳವಾಗಿರಲಿಲ್ಲ.

“ಖಾಲಿ ಸೀಸೆ ವಾಪಸ್ ಬಂದಿದೆ. ಅದು ಪುಸ್ತಕದಲ್ಲಿ ಬರಲ್ಲ. ಬೇಕಾದ್ರೆ ತಗೊಳ್ಳಿ, ಪಾಪ, ಒಂದು ತಿಂಗಳಿಂದ ಕೇಳ್ತಿದೀರಿ.”

ಗುಮಾಸ್ತರು ಸೀಸೆಯ ತಳ ನೋಡಿದರು. ಬ್ಯಾಚ್ ಸಂಖ್ಯೆ ಅದೇ. ಮೇಡಂ ಕೇಳಿದ್ದು ಇದನ್ನೇ. ಮೇಲಂಟಿಸಿದ್ದ ಕಚೇರಿಯ ಚೀಟಿಯನ್ನು ಕಿತ್ತು, ಸೀಸೆಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಬಂದರು. ಪಂಪ್‌ಹೌಸಿನ ಬಸ್ಸು ಅವರನ್ನು ಬಿಟ್ಟು ಹೊರಟೇ ಹೋದ ಸದ್ದು ಕಿವಿಗೆ ಕೇಳಿಸಿತು.

ಆ ಕಚೇರಿಯಲ್ಲಿ ಎಲ್ಲರೂ ನೀರು ಕುಡಿಯುವುದು ಸ್ಟೀಲ್ ಲೋಟದಲ್ಲಿ. ಗಾಜಿನ ಲೋಟ ಇರುವುದು ಮೇಡಂ ಕೋಣೆಯಲ್ಲಿ ಮಾತ್ರ, ಅದೂ ಅತಿಥಿಗಳಿಗೆ. ಆದ್ದರಿಂದ ನೀರು ಹಳದಿಯಾಗಿದೆ ಎಂಬುದು ಗೊತ್ತಾಗಿದ್ದು ಮಧ್ಯಾಹ್ನ ನಾಲ್ಕಕ್ಕೆ, ಒಬ್ಬ ಅತಿಥಿ ಲೋಟವನ್ನು ಕಿಟಕಿಗೆ ಹಿಡಿದು, “ಇದು ಜ್ಯೂಸಾ ಮೇಡಂ?” ಎಂದು ಕೇಳಿದಾಗ. ಊರಿಗೆಲ್ಲ ನೀರು ಕೊಡುವ ಕಚೇರಿಯ ಸ್ವಂತ ನೀರು ಹಳದಿ. ಸೂಪರಿಂಟೆಂಡೆಂಟರು ಬೆಳಿಗ್ಗೆಯಿಂದ ಎಂಟು ಲೋಟ ಕುಡಿದಿದ್ದರು. ಸುದ್ದಿ ಕೇಳಿದ ಕ್ಷಣದಿಂದ ಹೊಟ್ಟೆ ಹಿಡಿದುಕೊಂಡು, “ತೊಳಸ್ತಿದೆ, ಒಳಗೆ ಏನೋ ತೊಳಸ್ತಿದೆ” ಎನ್ನತೊಡಗಿದರು.

ಕೆಮಿಸ್ಟ್ ಪರೀಕ್ಷೆ ಮಾಡಿದರು. ಅವರ ಪ್ರಯೋಗಾಲಯದಲ್ಲಿ ಹನ್ನೊಂದು ವಸ್ತುಗಳನ್ನು ಪತ್ತೆ ಹಚ್ಚಬಹುದು. ವರದಿ: ‘ಕ್ಲೋರಿನ್ ಇಲ್ಲ. ಹನ್ನೊಂದರಲ್ಲಿ ಯಾವುದೂ ಅಲ್ಲ.’

ಐದು ಗಂಟೆಗೆ ಒಂದು ಮೆಮೊ ಟಪಾಲಿಗೆ ಬಂತು. ಅದನ್ನು ದಾಖಲಿಸಿ ಖುದ್ದಾಗಿ ತಲುಪಿಸುವುದು ಗುಮಾಸ್ತರ ಕೆಲಸ. ಪಂಪ್ ಆಪರೇಟರಿಗೆ ಬರೆದದ್ದು: ಟ್ಯಾಂಕಿಗೆ ಅಪರಿಚಿತ ವಸ್ತು ಹಾಕಿದ್ದಕ್ಕೆ ನಾಳೆ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಯವರೆಗೆ ಮೋಟಾರು ಮುಟ್ಟಬಾರದು.

ಪಂಪ್ ಆಪರೇಟರ್ ಎರಡು ವರ್ಷದಿಂದ ಹಂಗಾಮಿ. ಮುಂದಿನ ತಿಂಗಳು ಕಾಯಂ ಆಗಬೇಕಿತ್ತು. ಮೋಟಾರಿನ ಕೋಣೆಯ ಹೊರಗೆ ಕೂತು ಮೆಮೊವನ್ನು ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದ.

“ಏನು ಬರೀಲಿ ಸಾರ್? ಕೊಟ್ಟಿದ್ದನ್ನ ಹಾಕ್ದೆ. ಕ್ಲೋರಿನ್ ಆದ್ರೆ ಮೂಗಿಗೆ ಹೊಡೆಯತ್ತೆ, ಇದು ಘಮಘಮ ಅಂತಿತ್ತು. ಹೊಸ ಕಂಪನಿದು ಅಂದ್ಕೊಂಡೆ. ನೀವು ಎಷ್ಟೋ ಸಮಜಾಯಿಷಿ ನೋಡಿದೀರಲ್ಲ, ಒಂದು ಒಳ್ಳೇದು ಬರ್ಕೊಡಿ.”

“ಸಹಿ ಹಾಕು. ಮೆಮೊ ಮುಟ್ಟಿದೆ ಅಂತ” ಎಂದರು ಗುಮಾಸ್ತರು. ಆತ ಸಹಿ ಹಾಕಿದ. ಗುಮಾಸ್ತರ ಜೇಬಿನಲ್ಲಿ ಸೀಸೆ ಉಬ್ಬಿಕೊಂಡು ಕಾಣುತ್ತಿತ್ತು. ಅದರ ಮೇಲೆ ಟಪಾಲು ಪುಸ್ತಕ ಹಿಡಿದುಕೊಂಡು ನಡೆದರು.

ಮಂಗಳವಾರ ಹನ್ನೊಂದಕ್ಕೆ ಮೇಡಂ ಕೋಣೆಯಲ್ಲಿ ಸಭೆ. ಮೇಜಿನ ಮೇಲೆ ತಟ್ಟೆ ಮುಚ್ಚಿದ ಗಾಜಿನ ಲೋಟ, ಅದರಲ್ಲಿ ತಿಳಿ ಹಳದಿ ನೀರು. ಸ್ಟೋರ್ ಕೀಪರ್ ಪುಸ್ತಕದೊಂದಿಗೆ, ಕೆಮಿಸ್ಟ್ ವರದಿಯೊಂದಿಗೆ, ಸೂಪರಿಂಟೆಂಡೆಂಟರು ಹೊಟ್ಟೆಯೊಂದಿಗೆ ಹಾಜರಿದ್ದರು. ಪಂಪ್ ಆಪರೇಟರ್ ಗೋಡೆಗೆ ಆತು ನಿಂತಿದ್ದ.

“ಮೊದಲು ಸಣ್ಣ ಫೈಲ್ ಮುಗಿಸೋಣ” ಎಂದರು ಮೇಡಂ. “ಟಪಾಲಿನವರೇ, ಸೀಸೆ?”

ಗುಮಾಸ್ತರು ಸೀಸೆಯನ್ನು ಮೇಜಿನ ಮೇಲಿಟ್ಟರು. ಮೇಡಂ ಅಲುಗಿಸಿ ನೋಡಿದರು. ತಳದ ಸಂಖ್ಯೆಯನ್ನು ಸಮಜಾಯಿಷಿಯ ಸಂಖ್ಯೆಯೊಂದಿಗೆ ತಾಳೆ ನೋಡಿದರು. “ಸರಿಯಾಗಿದೆ. ಒಂದು ತಿಂಗಳಲ್ಲಿ ಒಂದು ಸಲವೂ ತೂಕಡಿಸಿಲ್ಲ, ನಾನೇ ಆರು ಸಲ ಇಳಿದು ಬಂದು ನೋಡಿದೀನಿ. ವರ್ಗ ರದ್ದು.” ಪೆನ್ನಿನ ಮುಚ್ಚಳ ತೆಗೆದರು. “ಇನ್ನು ಎರಡನೇದು. ಇವನ ವಿಷಯದಲ್ಲಿ ಯೋಚನೆ ಮಾಡೋದೇನಿದೆ? ಟ್ಯಾಂಕಿಗೆ ಏನು ಹಾಕ್ದೆ ಅಂತ ಇವನಿಗೇ ಗೊತ್ತಿಲ್ಲ. ಇವತ್ತೇ ಕೆಲಸದಿಂದ ಬಿಡುಗಡೆ ಮಾಡಿ.”

ಮೇಡಂ ಪೆನ್ನು ರದ್ದತಿ ಆದೇಶದ ಮೇಲೆ ಇಳಿಯಿತು.

“ಮೇಡಂ,” ಎಂದರು ಗುಮಾಸ್ತರು, “ಸ್ವಲ್ಪ ತಡೀರಿ. ನೀರಲ್ಲಿರೋದು ನನ್ನ ಮಾತ್ರೆ.”

“ಯಾವ ಮಾತ್ರೆ?”

“ಈ ಸೀಸೇದು.”

“ಇದರಲ್ಲಿದ್ದದ್ದನ್ನ ನೀವು ನುಂಗಿದೀರಲ್ಲ.”

“ಇಲ್ಲ ಮೇಡಂ. ನೀವು ನುಂಗಿದೀರಿ. ನಿನ್ನೆ ಬೆಳಿಗ್ಗೆಯಿಂದ ಎಲ್ಲರೂ ಸೇರಿ.”

ಆಮೇಲೆ ಗುಮಾಸ್ತರು ನಡೆದದ್ದನ್ನೆಲ್ಲ ಹೇಳಿದರು: ಇಲ್ಲದ ಹುದ್ದೆಯ ಹೆಸರು, ನಲವತ್ತೊಂದನೇ ಪುಟ, ಎಪ್ಪತ್ತೆಂಟು ಕಿಲೋ. “ಇವನು ಕೊಟ್ಟದ್ದನ್ನ ಹಾಕ್ದ. ಇವನದ್ದು ತಪ್ಪಿಲ್ಲ. ಪಂಪ್‌ಹೌಸಿಗೆ ನಾನೇ ಹೋಗ್ತೀನಿ” ಎಂದು ಮುಗಿಸಿದರು.

ಮೊದಲು ಚೇತರಿಸಿಕೊಂಡವರು ಸೂಪರಿಂಟೆಂಡೆಂಟರು. ಹೊಟ್ಟೆಯಿಂದ ಕೈ ತೆಗೆದರು. “ವಿಟಮಿನ್ನಾ? ನೋಡಿ ಮೇಡಂ, ಅದಕ್ಕೇ ನಿನ್ನೆಯಿಂದ ಮೈಯಲ್ಲಿ ಒಂದು ಥರ ಹುರುಪು. ರಾತ್ರಿ ಹೆಂಡತಿ ಕೂಡ ಹೇಳಿದ್ಲು, ಮುಖದಲ್ಲಿ ಕಳೆ ಬಂದಿದೆ ಅಂತ. ನಾನು ನಡಿಗೆಯಲ್ಲೇ ವ್ಯತ್ಯಾಸ ಕಂಡೆ.”

“ಹೊಟ್ಟೆ?” ಎಂದರು ಮೇಡಂ.

“ಅದು ಒಳ್ಳೇದಾಗೋ ಸೂಚನೆ ಇರ್ಬೇಕು.”

ಕೆಮಿಸ್ಟ್ ಆಗಲೇ ಕಾಗದದ ಅಂಚಿನಲ್ಲಿ ಲೆಕ್ಕ ಹಾಕಿದ್ದರು. “ಐನೂರು ಲೀಟರಿಗೆ ಮೂವತ್ತು ಮಾತ್ರೆ. ಇನ್ನೂರು ಮಿಲಿಯ ಒಂದು ಲೋಟಕ್ಕೆ ಒಂದು ಮಾತ್ರೆಯ ಎಂಬತ್ತಮೂರನೇ ಒಂದು ಭಾಗ. ಎಂಟು ಲೋಟಕ್ಕೆ ಮಾತ್ರೆಯ ಹತ್ತನೇ ಒಂದು ಭಾಗವೂ ಇಲ್ಲ. ಇಷ್ಟಕ್ಕೆ ಹೊಟ್ಟೆನೂ ತೊಳಸಲ್ಲ, ಕಳೆನೂ ಬರಲ್ಲ.”

ಸೂಪರಿಂಟೆಂಡೆಂಟರ ಮುಖದ ಕಳೆ ಎಲ್ಲರ ಕಣ್ಣೆದುರೇ ಇಳಿಯಿತು.

ಮೇಡಂ ಇಪ್ಪತ್ತಮೂರು ಇಂಡೆಂಟುಗಳನ್ನೂ ತರಿಸಿ ಒಂದೊಂದಾಗಿ ಓದಿದರು. ಎಪ್ಪತ್ತೆಂಟು ಕಿಲೋ ಸಾಮರ್ಥ್ಯದ, ಸೋರಿಕೆ ಇಲ್ಲದ ಟ್ಯಾಂಕಿನ ಬಳಿ ಬಂದಾಗ ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿದರು. ತಿರುಗಿ ಬಂದಾಗ ಮುಖ ಗಂಭೀರವಾಗಿತ್ತು.

“ಒಂದು ಇಂಡೆಂಟಿಗೆ ಎಷ್ಟು ಮೆಟ್ಟಿಲು?”

“ಕೆಮಿಸ್ಟ್ ಸಾರ್ ಮೊದಲ ಸಲಕ್ಕೆ ಸಿಗಲ್ಲ ಮೇಡಂ. ಎರಡು ಸಲ ನಾಲ್ಕನೇ ಮಹಡಿ, ಒಂದು ಸಲ ನೆಲಮಾಳಿಗೆ. ಹತ್ತೋದು ನೂರತೊಂಬತ್ತು, ಇಳಿಯೋದು ನೂರತೊಂಬತ್ತು.”

“ಇಪ್ಪತ್ತಮೂರು ದಿನಕ್ಕೆ ನಾಲ್ಕು ಸಾವಿರದ ಮುನ್ನೂರ ಎಪ್ಪತ್ತು ಹತ್ತಿದೀರಿ. ಒಂದು ಮಾತ್ರೆನೂ ನುಂಗಿಲ್ಲ. ನಿದ್ದೆ ಹೋಯ್ತು.” ಮೇಡಂ ಲೋಟದ ಮೇಲಿನ ತಟ್ಟೆ ಸರಿಸಿ ನೀರನ್ನು ನೋಡಿ ಮತ್ತೆ ಮುಚ್ಚಿದರು. “ಸುಳ್ಳು ಸಮಜಾಯಿಷಿ ಕೊಟ್ಟಿದೀರಿ. ನಿಯಮದ ಪ್ರಕಾರ ಪಂಪ್‌ಹೌಸ್.”

“ಹೌದು ಮೇಡಂ.”

“ಪಂಪ್‌ಹೌಸಿಗೆ ಎಷ್ಟು ಮಹಡಿ?”

“ಒಂದೇ ಮೇಡಂ. ನೆಲದ ಮೇಲೇ” ಎಂದ ಪಂಪ್ ಆಪರೇಟರ್, ಇದು ತನಗೆ ಖಚಿತವಾಗಿ ಗೊತ್ತಿರುವ ಸಂಗತಿ ಎಂಬ ಸಂತೋಷದಿಂದ.

“ಮೆಟ್ಟಿಲೇ ಇಲ್ಲದ ಜಾಗಕ್ಕೆ ಕಳಿಸಿದ್ರೆ ಇವರು ವಾರದೊಳಗೆ ಮಲಗ್ತಾರೆ. ಅಲ್ಲಿ ಎಬ್ಬಿಸೋಕೂ ಯಾರೂ ಇಲ್ಲ” ಎಂದು ಮೇಡಂ ಎರಡೂ ಫೈಲುಗಳನ್ನು ಒಂದರ ಮೇಲೊಂದು ಇಟ್ಟು ಬರೆಯತೊಡಗಿದರು.

ಆದೇಶ ಅಂದು ಸಂಜೆ ಹೊರಬಿತ್ತು. ಅದನ್ನು ದಾಖಲಿಸಿ, ಸೀಲು ಹಾಕಿ, ಎಲ್ಲ ಮಹಡಿಗಳಿಗೂ ತಲುಪಿಸಿದವರು ಟಪಾಲು ಗುಮಾಸ್ತರೇ. ಅದರಲ್ಲಿ ಮೂರು ಅಂಶಗಳಿದ್ದವು. ಪಂಪ್ ಆಪರೇಟರನ ಮೇಲಿನ ಮೆಮೊ ಹಿಂಪಡೆಯಲಾಗಿದೆ. ಟ್ಯಾಂಕನ್ನು ಮತ್ತೆ ತೊಳೆಯತಕ್ಕದ್ದು; ತೊಳೆಯುವಾಗ ಮೇಲ್ವಿಚಾರಣೆಗೆ ಸೂಪರಿಂಟೆಂಡೆಂಟರು ಟ್ಯಾಂಕಿರುವ ತಾರಸಿಯ ಮೇಲೆ ಹಾಜರಿರತಕ್ಕದ್ದು. ಮೂರನೆಯದು ಹೀಗಿತ್ತು:

‘ಟಪಾಲು ಗುಮಾಸ್ತರು ಮುಂದಿನ ಆದೇಶದವರೆಗೆ ಪ್ರತಿ ಕೆಲಸದ ದಿನ ಒಂದು ವಿಟಮಿನ್ ಮಾತ್ರೆಗಾಗಿ ಇಂಡೆಂಟ್ ಸಲ್ಲಿಸತಕ್ಕದ್ದು. ಸದರಿ ಇಂಡೆಂಟನ್ನು ಎರಡನೇ ಮಹಡಿ, ನಾಲ್ಕನೇ ಮಹಡಿ ಹಾಗೂ ನೆಲಮಾಳಿಗೆಯಲ್ಲಿ ಕೂಲಂಕಷವಾಗಿ ಪರಿಶೀಲಿಸತಕ್ಕದ್ದು. ಯಾವ ಕಾರಣಕ್ಕೂ ಮಂಜೂರು ಮಾಡತಕ್ಕದ್ದಲ್ಲ.’